ಒಬ್ಬೊಬ್ಬರೇ ಬಂದರೆ ನಮ್ಮವರು

ನಿಪ್ಪಾಣಿಯಿಂದ ಬಸ್ಸಿನಲ್ಲಿ ರಾಯಬಾಗಕ್ಕೆ ಬಂದು, ಅಲ್ಲಿ ರೈಲು ಹತ್ತಿ ಶೇಡಬಾಳಕ್ಕೆ ಹೋಗುವಂಥ ಕೆಲಸ ಈಗ ನನಗೆ ಯಾವುದೂ ಉಳಿದಿಲ್ಲ. ಆದರೂ ರವಿವಾರ ಬಂತೆಂದರೆ ಬೆಳಿಗ್ಗೆ ತಾನಾಗಿ ಎಚ್ಚರವಾಗುತ್ತದೆ. ಚೀಲಕ್ಕೆ ನೀರಿನ ಬಾಟಲಿ ಹಾಕಿಕೊಳ್ಳುತ್ತೇನೆ, ಚಪ್ಪಲಿ ಮೆಟ್ಟುತ್ತೇನೆ. "ಎಲ್ಲಿಗಿ ಹೊಂಟೀರಿ ಅತ್ತಿ?" ಎಂದು ಸೊಸೆ ಕೇಳಿದಾಗ ನೆನಪಾಗುತ್ತದೆ. ಎಲ್ಲಿಗೂ ಇಲ್ಲವಾ ಎಂದು ಚಪ್ಪಲಿ ಬಿಟ್ಟು ಒಳಗೆ ಬರುತ್ತೇನೆ. ಶೇಡಬಾಳದ ನನ್ನ ಗೆಳತಿ ತೀರಿಕೊಂಡದ್ದು ಮಾವಿನಕಾಯಿ ಕಾಲದಲ್ಲಿ. ಈಗ ಕಬ್ಬು ಕಡಿಯುವ ಟೋಳಿಗಳು ಬಂದಿವೆ. ಇಷ್ಟು ದಿನಕ್ಕೆ ದುಃಖ ಹಳೆಯದಾಗಬೇಕು ಅನ್ನುತ್ತಾರೆ ಮಂದಿ. ಅನ್ನುವವರಿಗೇನು.

ಅವಳ ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ವಿಚಾರಿಸಿಕೊಂಡು ಆ ಮನೆಗೆ ಹೋದಾರು, ಮಂದಿ ಬಂದು ಮುತ್ತುವುದು ಅವಳಿಗೆ ಆಗುತ್ತಿರಲಿಲ್ಲ. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ನಾನು ಅಲ್ಲೇ ಕನ್ನಡ ಕಲಿಸುತ್ತಿದ್ದೆ. ಶೇಡಬಾಳದ ತೋಟದಲ್ಲಿ ಕಬ್ಬು ಬೆಳೆಯುವ ಜೈನರ ದೊಡ್ಡ ಮನೆತನ ಅವಳದು. ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಒಂದೇ ಒಲೆಯಲ್ಲಿ ಉಣ್ಣುವ ಮನೆ. ಅವಳು ಮಾತ್ರ ಮದುವೆಯಾಗದೆ, ಚಿಕ್ಕೋಡಿಯಲ್ಲಿ ಬಾಡಿಗೆ ಖೋಲಿ ಹಿಡಿದು ಒಬ್ಬಳೇ ಇದ್ದಳು. ಅವಳ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ನಾನು ಹೇಳುತ್ತೇನೆ.

ನಾನು ಬಾಯಿ ಮುಚ್ಚಿದ್ದನ್ನು ಕಂಡವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಲ್ಲ. ನಿಪ್ಪಾಣಿಯಿಂದ ಬಸ್ಸಿನಲ್ಲಿ ಬರುವಾಗ ಪಕ್ಕದವರ ಮನೆ ಕತೆಯೆಲ್ಲ ಕೇಳಿಕೊಂಡು, ಸ್ಟಾಫ್ ರೂಮಿಗೆ ಬಂದು ಅದಕ್ಕೆ ನನ್ನದಷ್ಟು ಒಗ್ಗರಣೆ ಹಾಕಿ ಬಡಿಸುವವಳು ನಾನು. ಅವಳು ಕೆಲಸಕ್ಕೆ ಸೇರಿದ ಮೊದಲ ವಾರ ಕಿಟಕಿ ಬದಿಯ ಕೊನೆಯ ಕುರ್ಚಿಯಲ್ಲಿ ಹೋಗಿ ಕುಳಿತಳು. ಪಾಪ, ಹೊಸಬಳು, ಹಿಂಜರಿಯುತ್ತಾಳೆ ಎಂದು ನಾನೇ ಎದ್ದು ಹೋಗಿ ಪಕ್ಕದಲ್ಲಿ ಕುಳಿತು ತೊಡೆ ತಟ್ಟಿ ಮಾತಾಡಿಸಿದೆ. ಎಲ್ಲ ಕೇಳಿಕೊಂಡು, ಮೆಲ್ಲಗೆ, ನಗುಮುಖದಿಂದಲೇ ಅಂದಳು: "ಮೇಡಂ, ನಿಮ್ಮ ಮಾತು ಭಾಳ ಛಲೋ ಅದಾವ. ಒಂದು ಕುರ್ಚಿ ಬಿಟ್ಟು ಕುಂದ್ರತೀರೇನು?"

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತವರಲ್ಲಿ ಒಂದೇ ಕೌದಿಯೊಳಗೆ ನಾಲ್ಕು ಮಂದಿ ಅಕ್ಕತಂಗಿಯರು ಮಲಗಿ ಬೆಳೆದವರು ನಾವು. ಕುರ್ಚಿ ಬಿಟ್ಟು ಕೂಡ್ರು ಎಂದು ಯಾರೂ ಅಂದಿರಲಿಲ್ಲ. ಮುಖ ಊದಿಸಿಕೊಂಡು ಮಧ್ಯಾಹ್ನದವರೆಗೆ ಅವಳ ಕಡೆ ನೋಡಲಿಲ್ಲ. ಊಟದ ಹೊತ್ತಿಗೆ ಅವಳೇ ಬಂದು ನನ್ನನ್ನು ಹಿಂದಿನ ಪಡಸಾಲೆಗೆ ಕರೆದುಕೊಂಡು ಹೋದಳು. ಅಲ್ಲಿ ಕಂಬದಿಂದ ಕಂಬಕ್ಕೆ ಕರೆಂಟಿನ ತಂತಿ ಹಾದಿತ್ತು. ಒಂದು ಕಡೆ ಪುಟ್ಟ ಪುಟ್ಟ ರಾಟವಾಳ ಹಕ್ಕಿಗಳು ಮೈಗೆ ಮೈ ಒತ್ತಿ ಕೂತಿದ್ದವು, ನಡುವೆ ಹುಲ್ಲುಕಡ್ಡಿ ತೂರದ ಹಾಗೆ. ಅದೇ ತಂತಿಯ ಆ ತುದಿಗೆ ಕವಲುಬಾಲದ ಕರಿ ಕಾಜಾಣ, ಒಂದೇ ಒಂದು.

"ಆ ಕಾಜಾಣಕ್ಕ ಸೊಕ್ಕು ಅನಸ್ತೈತೇನ್ರಿ ನಿಮಗ?" ಎಂದು ಕೇಳಿದಳು.

"ಅನಸ್ತೈತಿ," ಎಂದೆ, ಅವಳ ಮುಖವನ್ನೇ ನೋಡಿ.

"ಸೊಕ್ಕಲ್ರಿ ಅದು. ತಲಿಯೊಳಗಿನ ಜೋಡಣೇನ ಹಂಗ. ಆ ರಾಟವಾಳಾನ ಒಂದ ಆ ತುದಿಗಿ ಇಟ್ರ ಒದ್ದಾಡ್ತೈತಿ. ಕಾಜಾಣಾನ ತಂದು ಈ ಗುಂಪಿನ್ಯಾಗ ತುರುಕಿದ್ರ ಅದೂ ಒದ್ದಾಡ್ತೈತಿ. ನೀವು ಸಿಟ್ಟಾಗಬ್ಯಾಡ್ರಿ. ನಿಮ್ಮ ಮ್ಯಾಲೆ ನಂದೇನೂ ಇಲ್ಲ."

ಅಂದಿನಿಂದ ನಾನು ಒಂದು ಕುರ್ಚಿ ಬಿಟ್ಟು ಕುಳಿತೆ. ನಿವೃತ್ತಿಯವರೆಗೆ ಆ ಕುರ್ಚಿ ನಮ್ಮ ನಡುವೆ ಖಾಲಿಯೇ ಇತ್ತು. ಬೇರೆ ಯಾರಾದರೂ ಬಂದು ಅದರಲ್ಲಿ ಕೂತರೆ ಇಬ್ಬರಿಗೂ ಕಸಿವಿಸಿ. ಕಲಿಸುವ ಹೆಂಗಸರಿಗೆ ಬಾಯಾರು ಎನ್ನುವ ನಮ್ಮ ಕಡೆಯ ಹುಡುಗರು ಅವಳಿಗೆ ಕಾಜಾಣ ಬಾಯಾರು ಎಂದು ಹೆಸರಿಟ್ಟರು. ನನಗೆ ಹರಟೆಮಲ್ಲ. ಕಸ ಕೆದರುತ್ತ, ಗುಂಪು ಕಟ್ಟಿಕೊಂಡು ದಿನವಿಡೀ ಕಲಕಲ ಮಾಡುವ ಬೂದು ಹಕ್ಕಿ ಅದು. ಹೆಸರಿಟ್ಟದ್ದು ತಪ್ಪೇನಲ್ಲ.

ಧಾರವಾಡದಲ್ಲಿದ್ದಾಗ ಅವಳು ಓದಿದ್ದೇ ಹಕ್ಕಿಗಳ ಮಿದುಳು. ಒಂದು ಜಾತಿಯ ಹಕ್ಕಿ ಗುಂಪಾಗಿ ಬಾಳುತ್ತದೆ, ಅದರ ದಾಯಾದಿ ಜಾತಿ ಜೋಡಿಯಾಗಿ ಇದ್ದು ಬಂದವರನ್ನೆಲ್ಲ ಅಟ್ಟುತ್ತದೆ, ಯಾಕೆ ಎನ್ನುವುದು ಅವಳ ಪ್ರಶ್ನೆ. ಕನ್ನಡ ಕಲಿಸುವವಳಿಗೆ ತಿಳಿದಷ್ಟು ಹೇಳುತ್ತೇನೆ. ಎಲ್ಲ ಹಕ್ಕಿಗಳ ತಲೆಯಲ್ಲೂ ಕೆಲವು ಸಣ್ಣ ಸಣ್ಣ ಕೇಂದ್ರಗಳಿವೆ. ಹೆದರುವುದು, ಜಗಳಾಡುವುದು, ಜೋಡಿ ಹುಡುಕುವುದು, ಮರಿ ಸಾಕುವುದು ಎಲ್ಲ ಅವುಗಳಿಂದ. ಆದರೆ ಒಂದೊಂದಕ್ಕೆ ಒಂದೊಂದು ಕೆಲಸ ಎಂದು ನಾನು ಹಂಚಿಕೊಟ್ಟರೆ ಅವಳಿಗೆ ಸಿಟ್ಟು ಬರುತ್ತಿತ್ತು. ಯಾವುದೂ ಒಂಟಿಯಾಗಿ ಏನೂ ಮಾಡುವುದಿಲ್ಲ, ಒಂದರಿಂದ ಒಂದಕ್ಕೆ ಎಳೆಗಳಿವೆ, ಆ ಇಡೀ ಜಾಲ ಕೂಡಿ ಮಿಡಿದದ್ದೇ ಹಕ್ಕಿಯ ನಡತೆ ಎನ್ನುತ್ತಿದ್ದಳು. ಗುಂಪಿನ ಹಕ್ಕಿಗೂ ಒಂಟಿ ಹಕ್ಕಿಗೂ ಜಾಲ ಒಂದೇ. ಬೇರೆಯಿರುವುದು ಇಷ್ಟೇ: ಮಿದುಳಿನಲ್ಲೇ ಹುಟ್ಟುವ ಒಂದು ರಸವಿದೆ. ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳು ಗುಂಪಿನ ಹಕ್ಕಿಯಲ್ಲಿ ಒಂದು ಜಾಗದಲ್ಲಿ ದಟ್ಟವಾಗಿರುತ್ತವೆ, ದೂರ ಇರುವ ಹಕ್ಕಿಯಲ್ಲಿ ಅಲ್ಲೇ ವಿರಳ. ಔಷಧಿ ಕೊಟ್ಟು ಆ ಬಾಗಿಲು ಮುಚ್ಚಿದರೆ ಗುಂಪಿನ ಹಕ್ಕಿಯೂ ದೊಡ್ಡ ಗುಂಪು ಬಿಟ್ಟು ಸಣ್ಣ ಗುಂಪಿನ ಕಡೆ ಸರಿಯುತ್ತದಂತೆ.

"ಹಂಗಾದ್ರ ಗುಂಪಿನ ಹಕ್ಕಿಗೆ ಮಾಯಾ ಹೆಚ್ಚು ಅಂತಾತಲ್ಲ," ಎಂದೆ ನಾನು, ಗೆದ್ದವಳ ಹಾಗೆ. ನಮ್ಮ ಕಡೆ ಪ್ರೀತಿಗೆ ಮಾಯಾ ಎನ್ನುತ್ತೇವೆ.

"ಅಲ್ಲೇ ಎಲ್ಲಾರೂ ತಪ್ಪೂದು," ಎಂದಳು. "ಕಾಜಾಣ ತನ್ನ ಜೋಡಿ ಬಿಟ್ಟು ಓಡಿ ಹೋಗೂದಿಲ್ಲ. ಮರೀಗೆ ಉಣಸೂದ್ರಾಗ ಏನೂ ಕಡಿಮಿ ಮಾಡೂದಿಲ್ಲ. ಗುಂಪು ಬ್ಯಾರೆ, ಮಾಯಾ ಬ್ಯಾರೆ." ಪ್ರತಿ ವರ್ಷ ಮೊದಲ ಪಾಠಕ್ಕೆ ಹುಡುಗರನ್ನು ಬೇವಿನಮರದ ಕೆಳಗೆ ನಿಲ್ಲಿಸಿ ಇದನ್ನೇ ಹೇಳುತ್ತಿದ್ದಳು. ಹೇಳಿದ ಮೇಲೆ ಇನ್ನೊಂದು ಮಾತು ಕಡ್ಡಾಯ: ಹಕ್ಕಿಯ ಮಾತನ್ನು ತಂದು ಮನುಷ್ಯರಿಗೆ ಹಚ್ಚಬಾರದು, ಮನುಷ್ಯರ ತಲೆ ಬೇರೆ.

ಜೈನರ ಮಗಳು ಮಿದುಳು ಓದಲು ಹೋದರೆ ಏನಾಗಬೇಕೋ ಅದೇ ಆಯಿತು. ಮಿದುಳು ನೋಡಬೇಕಾದರೆ ಹಕ್ಕಿ ಸಾಯಬೇಕು. ಅವಳ ಮನೆಯಲ್ಲಿ ದೀಪಕ್ಕೆ ಹುಳ ಬಿದ್ದೀತು ಎಂದು ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸುತ್ತಾರೆ, ನೀರನ್ನು ಸೋಸದೆ ಕುಡಿಯುವುದಿಲ್ಲ. ಕೈಯಲ್ಲಿ ಹಕ್ಕಿ ಹಿಡಿದು ನಿಂತ ದಿನ ಅವಳಿಂದ ಆಗಲಿಲ್ಲ. ಬೇರೆಯವರು ತಯಾರು ಮಾಡಿಟ್ಟ ಗಾಜಿನ ಪಟ್ಟಿಗಳ ಮೇಲಿನ ತೆಳು ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಳು, ಉಳಿದದ್ದನ್ನು ಬಯಲಲ್ಲಿ ಜೀವಂತ ಹಕ್ಕಿಗಳನ್ನು ನೋಡಿ ಬರೆದಳು. ನೀನಂತೂ ಕೊಲ್ಲಲಿಲ್ಲವಲ್ಲ, ಪಾಪ ಹತ್ತಲಿಲ್ಲ ಬಿಡು ಎಂದು ನಾನೊಮ್ಮೆ ಸಮಾಧಾನ ಹೇಳಿದ್ದಕ್ಕೆ ತಲೆಯಾಡಿಸಿದಳು. "ಕೊಂದವ್ರು ಕಂಡದ್ದನ್ನ ನಾನೂ ಕಂಡೇನಿ. ಆ ವಿದ್ಯಾ ಉಂಡು ಪಗಾರ ತಗೊಂಡೇನಿ. ಶುದ್ಧ ಅದೀನಿ ಅಂತ ಹೆಂಗ ಅನ್ಲಿ ಬೇ?" ಎಂದಳು. ಇಷ್ಟು ಹೊತ್ತಿಗೆ ನಾವು ಬೇ ಅನ್ನುವಷ್ಟು ಹತ್ತಿರವಾಗಿದ್ದೆವು, ನಡುವೆ ಒಂದು ಕುರ್ಚಿ ಇಟ್ಟುಕೊಂಡೇ.

ನಮ್ಮ ಅತ್ತೆ ತೀರಿಕೊಂಡಾಗ ನಿಪ್ಪಾಣಿಯ ಮನೆ ತುಂಬ ಮಂದಿ. ಬಂದವರೆಲ್ಲ ನನ್ನ ಕೊರಳಿಗೆ ಬಿದ್ದು ಅತ್ತು, ಚಾ ಕುಡಿದು, ಇನ್ನೊಬ್ಬರ ಮನೆಯ ಸಾವಿನ ಕತೆ ಹೇಳಿ ಹೋದರು. ಅವಳು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಹಿತ್ತಲಿಗೆ ಹೋದಾಗ ನೋಡಿದರೆ ಬೂದಿ ಹಚ್ಚಿ ಚಾದ ಕಪ್ಪುಗಳನ್ನೆಲ್ಲ ತೊಳೆಯುತ್ತ ಕೂತಿದ್ದಳು. ಎಲ್ಲರೂ ಹೋದ ಮೇಲೆ ಕಟ್ಟೆಯ ಮೇಲೆ ನನ್ನಿಂದ ಒಂದಿಷ್ಟು ದೂರ ಕುಳಿತಳು. ಏನೂ ಅನ್ನಲಿಲ್ಲ. ಚಿಕ್ಕೋಡಿಯ ಬಸ್ಸಿನ ಹೊತ್ತಾಗುವವರೆಗೆ ಹಾಗೇ ಇದ್ದು ಎದ್ದು ಹೋದಳು. ಅತ್ತೆಯ ಜೊತೆ ನಾನು ಜನ್ಮವಿಡೀ ಜಗಳಾಡಿದವಳು, ಮಂದಿಯೆದುರು ನನಗೆ ಖರೇ ಅಳು ಬಂದಿರಲಿಲ್ಲ. ಅವಳು ಕೂತಿದ್ದ ಆ ಹೊತ್ತಿನಲ್ಲಿ ಬಂತು.

ನಿವೃತ್ತಿಯಾಗುವ ವರ್ಷ ಅವಳು ತನ್ನ ಅಣ್ಣನಿಗೆ ಒಂದು ಮಾತು ಹೇಳಿದಳು. "ದಾದಾ, ಬಾಡಿಗಿ ಖೋಲಿ ಬಿಟ್ಟು ಊರಿಗೆ ಬರ್ತೀನಿ. ಆದ್ರ ದೊಡ್ಡ ಮನ್ಯಾಗ ಬ್ಯಾಡ. ನಮ್ಮ ಹೊಲದಾಗ ಒಂದು ಸಣ್ಣ ಖೋಲಿ ಕಟ್ಟಿಸಿ ಕೊಡು. ಒಬ್ಬಾಕೀನ ಇರ್ತೀನಿ." ಅಣ್ಣ ಕಣ್ಣೊರೆಸಿಕೊಂಡು, "ಆಗಲಿ ತಂಗಿ. ನಮ್ಮ ಮನಿತನದ ಪುಣ್ಯ," ಎಂದನಂತೆ. ಖೋಲಿ ಕಟ್ಟಿಸುವುದರಲ್ಲಿ ಪುಣ್ಯ ಎಲ್ಲಿಂದ ಬಂತು ಎಂದು ಅವಳಿಗೂ ಹೊಳೆಯಲಿಲ್ಲ, ಹೇಳಿಸಿಕೊಂಡ ನನಗೂ ಹೊಳೆಯಲಿಲ್ಲ.

ಅದಾದ ಮೇಲೆ ಬೀಗರು ಬಿಜ್ಜರು ಅವಳನ್ನು ಊಟಕ್ಕೆ ಕರೆಯತೊಡಗಿದರು. ಇವತ್ತು ಕಾಗವಾಡ, ನಾಳೆ ಅಥಣಿ. ಹೋದಲ್ಲೆಲ್ಲ ಮಣೆ ಹಾಕಿ ಕೂರಿಸಿ, ಕೊಬ್ಬರಿ, ಅಕ್ಕಿ, ಕುಪ್ಪಸದ ಖಣ ಇಟ್ಟು ಉಡಿ ತುಂಬುತ್ತಾರೆ. ದೊಡ್ಡವರು ಸಣ್ಣವರು ಕಾಲಿಗೆ ಬೀಳುತ್ತಾರೆ. ನಿವೃತ್ತಿಯಾದ ಬಾಯಾರಿಗೆ ಇಷ್ಟು ಮರ್ಯಾದೆ ಇದೆಯೇ ಎಂದು ಅವಳು ನಾಚಿಕೊಂಡೇ ಎಲ್ಲ ತೆಗೆದುಕೊಂಡಳು. ಅಥಣಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು, ಹೋಳಿಗೆ ನಾನೇ ಹೆಚ್ಚು ತಿಂದೆ. ಊಟವಾದ ಮೇಲೆ ಆ ಮನೆಯ ಹಿರಿಯಳು ಅವಳ ಕೈ ಹಿಡಿದು, "ಚಾತುರ್ಮಾಸ ಮುಗಿಯೂದ್ರಾಗ ದೀಕ್ಷಾ ಆಕ್ಕೈತೇನವಾ? ನಾನೂ ಕಣ್ಣಾರೆ ನೋಡ್ಬೇಕು," ಎಂದಳು.

ಆಗ ಎಲ್ಲ ತಿಳಿಯಿತು. ಮದುವೆ ಮಾಡಿಕೊಂಡಿಲ್ಲ. ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗಿಡುವುದಿಲ್ಲ. ಕಣ್ಣಿಗೆ ಹೊಡೆಯುವ ಬಣ್ಣದ ಸೀರೆ ಉಟ್ಟರೆ ಹಕ್ಕಿ ಹಾರಿಹೋಗುತ್ತವೆ ಎಂದು ವರ್ಷಾನುಗಟ್ಟಲೆ ಮಾಸಲು ನೂಲಿನ ಸೀರೆ. ರವಿವಾರ ಮರದ ಕೆಳಗೆ ಕೂತಾಗ ಯಾರೊಡನೆಯೂ ಮಾತಿಲ್ಲ. ಈಗ ಮನೆ ಬಿಟ್ಟು ಹೊಲದಲ್ಲಿ ಒಬ್ಬಳೇ ಇರುತ್ತೇನೆ ಎನ್ನುತ್ತಾಳೆ. ಇಷ್ಟೆಲ್ಲ ಕೂಡಿಸಿದ ಮೇಲೆ ಅಣ್ಣನಿಗೆ ಅನುಮಾನವೇ ಉಳಿದಿರಲಿಲ್ಲ: ತಂಗಿ ಸಂಸಾರ ಬಿಟ್ಟು ಸನ್ಯಾಸದ ಹಾದಿ ಹಿಡಿದಿದ್ದಾಳೆ, ನಾಚಿಕೆಗೆ ಬಾಯಿಬಿಟ್ಟು ಹೇಳುತ್ತಿಲ್ಲ. ಅವನು ಊರಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿ ಮಹಾರಾಜರಿಗೂ ವಿಷಯ ಅರಿಕೆ ಮಾಡಿ ಬಂದಿದ್ದ.

ನಾನು ನಕ್ಕು ನಕ್ಕು ಸುಸ್ತಾದೆ. ಬಸ್ಸಿನಲ್ಲಿ ಅವಳು ನಗಲಿಲ್ಲ. "ನಗಬ್ಯಾಡ ಬೇ," ಎಂದಳು. "ನಮ್ಮಲ್ಲಿ ಒಬ್ಬಾಕಿ ಇರಬೇಕಂದ್ರ ಅದೊಂದ ದಾರಿ ಐತಿ. ಎಲ್ಲಾನೂ ಬಿಡಬೇಕು. ನಾ ಏನೂ ಬಿಡಾಕ ಒಲ್ಲೆ. ಎಲ್ಲಾನೂ ಇಟ್ಕೋಬೇಕು, ಸ್ವಲ್ಪ ದೂರ ಇಟ್ಕೋಬೇಕು. ಇದನ್ನ ಹೆಂಗ ಹೇಳೂದು ದಾದಾಗ?"

ಮುಂದಿನ ರವಿವಾರ ನಾನೂ ಶೇಡಬಾಳಕ್ಕೆ ಹೋದೆ. ಮೊದಲು ಮುನಿಗಳ ದರ್ಶನ. ಅಣ್ಣ, ಅವನ ಹೆಂಡತಿ, ಮಕ್ಕಳು, ಓಣಿಯವರು ಎಲ್ಲ ಕೈಮುಗಿದು ಕೂತಿದ್ದರು. ಮಹಾರಾಜರು ಶಾಂತವಾಗಿ ಕೇಳಿದರು, "ತಾಯಿ, ನಿನ್ನ ಮನಸ್ಸಿನ್ಯಾಗ ವೈರಾಗ್ಯ ಬಂದೈತೇನು?"

ಅವಳು ಕೈಮುಗಿದಳು. "ಇಲ್ರಿ ಮಹಾರಾಜ. ನನಗ ಇನ್ನೂ ಭಾಳ ಆಸಿ ಅದಾವ."

"ಏನ ಆಸಿ?"

"ಮುಂಜಾನಿ ಚಾ. ನಮ್ಮ ವೈನಿ ಹಾಕೋ ಮಾವಿನ ಉಪ್ಪಿನಕಾಯಿ. ಅಣ್ಣನ ಮೊಮ್ಮಕ್ಕಳು ಜಗಳಾಡೂದನ್ನ ದೂರ ಕುಂತು ಕೇಳೂದು. ಕಬ್ಬಿನ್ಯಾಗ ಗೀಜಗ ಗೂಡು ಕಟ್ಟೂದು. ಇವನ್ನ ಬಿಡಾಕ ನನಗ ಆಗೂದಿಲ್ರಿ."

ವೈನಿ ಎಂದರೆ ಅಣ್ಣನ ಹೆಂಡತಿ. ತನ್ನ ಉಪ್ಪಿನಕಾಯಿಯ ಹೆಸರು ಮುನಿಗಳ ಮುಂದೆ ಬಂದದ್ದಕ್ಕೆ ಆಕೆ ನಾಚಿ ಸೆರಗು ಬಾಯಿಗಿಟ್ಟುಕೊಂಡಳು. ಮಹಾರಾಜರ ಮುಖದಲ್ಲಿ ಸಣ್ಣ ನಗೆ ಬಂತು. "ಖರೇ ಹೇಳಿದಿ. ಹಂಗಾದ್ರ ಮನೀಗೆ ಹೋಗು ತಾಯಿ," ಎಂದರು. ಅವರ ಕಡೆಯಿಂದ ಅದು ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಮುಗಿಯಲಿಲ್ಲ. ಅಣ್ಣ ದೊಡ್ಡ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ನೆಲ ನೋಡುತ್ತ ಕುಳಿತ. ಒಳ್ಳೆಯ ಮನುಷ್ಯ, ತಂಗಿಯನ್ನು ಎತ್ತಿ ಆಡಿಸಿದವನು. ಸಿಟ್ಟು ಮಾಡಿದ್ದರೆ ನಾವು ಹೇಗಾದರೂ ಎದುರಿಸುತ್ತಿದ್ದೆವು. ಅವನು ಸಣ್ಣ ದನಿಯಲ್ಲಿ ಮಾತಾಡಿದ. "ದೇವರ ಸಲುವಾಗಿ ನಮ್ಮನ್ನ ಬಿಟ್ಟು ಹೋಗ್ತೀನಂದಿದ್ರ ಅತ್ತು ಕಳಸ್ತಿದ್ದೆ. ಯಾರ ಸಲುವಾಗೂ ಅಲ್ಲ, ಸುಮ್ಮನ ಬ್ಯಾರೆ ಇರ್ತೀನಿ ಅಂದ್ರ ಏನ ಅರ್ಥ ಆತು ತಂಗಿ? ನಾವು ನಿನಗ ಬ್ಯಾಸರಾಗೇವಿ ಅಂತ ಆತು. ಅದನ್ನಾರ ಬಾಯಿಬಿಟ್ಟು ಹೇಳು."

ಮನೆಯ ಹೆಂಗಸರು ಗಂಡಸರೆಲ್ಲ ಬಾಗಿಲಲ್ಲಿ ಬಂದು ನಿಂತಿದ್ದರು. ಅಣ್ಣ ನನ್ನ ಕಡೆಯೂ ನೋಡಿದ, ನೀವಾದರೂ ಬುದ್ಧಿ ಹೇಳಿ ಎನ್ನುವ ಹಾಗೆ. ಖರೇ ಹೇಳಬೇಕೆಂದರೆ ನನಗೂ ಅವಳು ದೊಡ್ಡ ಮನೆಯಲ್ಲೇ ಇದ್ದರೆ ಚೆಂದ ಅನಿಸಿತ್ತು. ಮುಪ್ಪಿಗೆ ನಾಲ್ಕು ಮಂದಿ ಬೇಕು ಎಂದು ನಂಬಿದವಳು ನಾನು.

ಅವಳು ಅಣ್ಣನ ಮೊಮ್ಮಗಳ ಪಾಟಿಯ ಹತ್ತಿರ ಬಿದ್ದಿದ್ದ ಬಳಪ ತೆಗೆದುಕೊಂಡು ಆ ಕರಿಗಲ್ಲಿನ ನೆಲದ ಮೇಲೆ ಎರಡು ಹಕ್ಕಿಯ ತಲೆ ಬರೆದಳು. ಎರಡರ ಒಳಗೂ ಅವೇ ಚುಕ್ಕೆ, ಅವೇ ಎಳೆ. "ನೋಡು ದಾದಾ, ಎರಡೂ ಒಂದ ನಮೂನಿ ಕಟ್ಟಿದ ಮನಿ. ಒಂದಕ್ಕ ಬಾಗಿಲಾ ಭಾಳ ಅದಾವ, ಒಂದಕ್ಕ ಕಡಿಮಿ. ಇದಕ್ಕ ಇಡೀ ಊರು ಒಳಗ ಬಂದ್ರೂ ನಡೀತೈತಿ. ಇದಕ್ಕ ಮಂದಿ ತುಂಬಿದ್ರ ಉಸಿರು ಕಟ್ಟತೈತಿ. ಹಂಗಂತ ಇದು ಬಂಜರಲ್ಲ. ತನ್ನ ಜೋಡಿ ಒಂದ ಬಂದು ಬಾಜೂಕ ಕುಂತ್ರ ಇದರ ಒಳಗೂ ಅದ ಎಳಿ ಮಿಡೀತೈತಿ. ಪರಕೀಯ ಗುಂಪು ಬಂದ್ರ ಅದ ಎಳಿ ಸುಮ್ಮನಾಕ್ಕೈತಿ. ನೋಡಿದವ್ರು ಅದಾರ."

ಅಣ್ಣ ಆ ಚಿತ್ರದ ಮೇಲೆ ಬಗ್ಗಿದ. "ಹಂಗಾದ್ರ ನಾವು ನಿನಗ ಯಾರು? ಪರಕೀಯರೋ, ನಿನ್ನವರೋ?"

"ಒಬ್ಬೊಬ್ಬರ ಬಂದ್ರ ನನ್ನವರು," ಎಂದಳು. "ಎಲ್ಲಾರೂ ಕೂಡೇ ಬಂದ್ರ ಮಂದಿ."

ಬಾಗಿಲಲ್ಲಿ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ವೈನಿ ಅವರನ್ನು ಗದರಿದಳು. ಅಣ್ಣ ನಗಲಿಲ್ಲ, ಆದರೆ ಅವನ ಮುಖ ಸ್ವಲ್ಪ ಸಡಿಲಾಯಿತು. ಅವಳು ಮುಂದುವರಿಸಿ, "ನಾ ಕರೀತೀನಿ. ಕರದವ್ರು ಬರ್ರಿ. ದಿನಾ ಒಬ್ಬರನ್ನರ ಕರೀಲಾರದ ಇರೂದಿಲ್ಲ," ಎಂದಳು.

ಆಮೇಲೆ ನಾವಿಬ್ಬರೇ ಇದ್ದಾಗ ನಾನು ಅವಳನ್ನು ಹಿಡಿದೆ. ಹಕ್ಕಿ ಮಾತು ಮನುಷ್ಯರಿಗೆ ಹಚ್ಚಬಾರದು ಎಂದು ಹುಡುಗರಿಗೆ ಪ್ರತಿ ವರ್ಷ ಹೇಳುವವಳು ನೀನೇ ಅಲ್ಲವೇ ಎಂದೆ. "ಹೌದು," ಎಂದಳು. "ನನ್ನ ತಲಿ ಯಾರೂ ತಗದು ನೋಡಿಲ್ಲ. ಬಾಗಿಲಾ ಎಷ್ಟ ಅದಾವೋ ಯಾರಿಗ್ಗೊತ್ತು. ಆದ್ರ ದಾದಾನ ಮುಂದ ಇಡಾಕ ನನ್ನ ಕಡೆ ಬ್ಯಾರೆ ಏನೂ ಇರಲಿಲ್ಲ ಬೇ." ಇಡೀ ಜನ್ಮ ಕಾಯ್ದುಕೊಂಡು ಬಂದ ಒಂದು ಕಟ್ಟಳೆಯನ್ನು ಅವಳು ಮುರಿದದ್ದು ಅದೊಂದೇ ಸಲ, ಅಣ್ಣ ನೊಂದುಕೊಳ್ಳಬಾರದೆಂದು.

ಮರುದಿನ ಬೆಳಿಗ್ಗೆ ಅಣ್ಣನೇ ಅವಳನ್ನು ಹೊಲಕ್ಕೆ ಎಬ್ಬಿಸಿಕೊಂಡು ಹೋದ. ವೈನಿ, ನಾನು ಹಿಂದೆ. ಮನೆಯ ಅಂಗಳ ಮುಗಿದು ಒಡ್ಡು ಶುರುವಾಗುವಲ್ಲಿ ನಿಂತು, "ನಡಿ. ನೀ ಎಲ್ಲಿ ನಿಂದರ್ತಿ ಅಲ್ಲಿ ಕಟ್ಟಸ್ತೀನಿ," ಎಂದ. ಅವಳು ಒಡ್ಡಿನ ಮೇಲೆ ನಡೆದಳು. ಅಣ್ಣ ಇಲ್ಲಿಂದ ಸಾದಾ ದನಿಯಲ್ಲಿ ಮಾತಾಡುತ್ತಲೇ ಇದ್ದ, ಈ ಸಲ ಕಬ್ಬು ಛಲೋ ಐತಿ, ಬಾವಿಗೆ ನೀರು ಐತಿ ಎಂದು ಏನೇನೋ. ಅವಳು ಹ್ಞೂಂ ಅನ್ನುತ್ತ ಹೋಗಿ, ಆ ಮಾತು ಕೇಳುವುದು ನಿಂತಲ್ಲಿ ನಿಂತಳು. ಆಗ ಅಣ್ಣ ಕೈ ಬಾಯಿಗೆ ಹಿಡಿದು ಜೋರಾಗಿ "ತಂಗೀ" ಎಂದು ಕೂಗಿದ. ಅಲ್ಲಿಂದ ಅವಳು ಕೈಯೆತ್ತಿದಳು. ಮಾತಾಡಿದರೆ ಕೇಳಬಾರದು, ಕೂಗಿದರೆ ಕೇಳಬೇಕು. ಅಷ್ಟು ದೂರ. ವೈನಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ಆ ಖೋಲಿಯಲ್ಲಿ ಅವಳು ಇದ್ದ ವರ್ಷಗಳೇ ಅವಳ ಸುಖದ ವರ್ಷಗಳು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಮುಂದೆ ಒಂದು ಬೇವಿನ ಗಿಡ, ಹಿಂದೆ ಕಬ್ಬು, ಒಂದು ಮಂಚ, ಒಂದು ಒಲೆ. ಬೆಳಿಗ್ಗೆ ಚಾ ಕುಡಿದು ಅಂಗಳದ ತುದಿಗೆ ಬಂದು ದೊಡ್ಡ ಮನೆಯ ಕಡೆ ಯಾರದೋ ಒಬ್ಬರ ಹೆಸರು ಹಿಡಿದು ಕೂಗುತ್ತಿದ್ದಳು. ಅಣ್ಣನ ಮಗನಿಗೆ ಒಂದು ದಿನ, ಅವನ ಹೆಂಡತಿಗೆ ಒಂದು ದಿನ. ಇವತ್ತು ಯಾರ ಪಾಳಿ ಎಂದು ಮನೆಯಲ್ಲಿ ಕಿವಿ ನಿಮಿರಿಸಿ ಕಾಯುವುದು ಶುರುವಾಯಿತು. ದೊಡ್ಡ ಮನೆಯಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲವಲ್ಲ, ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಮುಗಿಸುತ್ತಾರೆ. ಖೋಲಿಗೆ ಹೋದವರಿಗೆ ಇಡೀ ಅವಳು ಸಿಗುತ್ತಿದ್ದಳು. ಹೆಚ್ಚು ಸಲ ಕರೆಸಿಕೊಂಡವಳು ವೈನಿ. ಇಬ್ಬರೂ ಬೇ ಅಂದುಕೊಂಡು ಸೊಪ್ಪು ಬಿಡಿಸುತ್ತ ಕೂರುತ್ತಿದ್ದರು. ಐವತ್ತು ಮಂದಿಗೆ ಅಡಿಗೆ ಮಾಡಿ ಹಾಕಿದ ಆ ಹೆಂಗಸನ್ನು ಹತ್ತಿರ ಕೂರಿಸಿಕೊಂಡು, ನಿನಗೆ ಏನು ಅನಿಸುತ್ತದೆ ಎಂದು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಇದನ್ನು ವೈನಿಯೇ ನನಗೆ ಹೇಳಿದ್ದು.

ನನಗೂ ರವಿವಾರ ಗೊತ್ತುಮಾಡಿದ್ದಳು. ಶನಿವಾರ ಸಂಜೆ ಫೋನು ಬಂದರೆ ಹೋಗಬೇಕು, ಬಾರದಿದ್ದರೆ ಇಲ್ಲ. ಬಾರದ ವಾರ ನಾನು ಮೊಮ್ಮಕ್ಕಳ ಮೇಲೆ ರೇಗುತ್ತಿದ್ದೆ. ಫೋನು ಬಂದ ವಾರ ಹೋಗಿ ನನ್ನ ವಾರದ ಮಾತೆಲ್ಲ ಅವಳ ಮುಂದೆ ಸುರಿದು, ಖಾಲಿಯಾಗಿ, ಕೊನೆಗೆ ಇಬ್ಬರೂ ಸುಮ್ಮನೆ ಬೇವಿನ ಗಿಡ ನೋಡುತ್ತ ಕೂರುತ್ತಿದ್ದೆವು. ಸುಮ್ಮನೆ ಕೂರುವುದು ನನಗೆ ಬೇರೆ ಎಲ್ಲೂ ಬರುವುದಿಲ್ಲ. ಆ ಸುಮ್ಮನಿರುವಿಕೆ ನನಗೆ ಈಗ ಹಸಿವಿನ ಹಾಗೆ ಬೇಕಾಗುತ್ತದೆ. ಮನೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಎಲ್ಲ ಕಡೆ ಮಾತಾಡುವವರಿದ್ದಾರೆ. ನಾನೂ ಆಡುತ್ತೇನೆ.

ಕಾಯಿಲೆ ಬಂದದ್ದು ತಡವಾಗಿ ಗೊತ್ತಾಯಿತು, ಅದು ಅವಳನ್ನು ಹೆಚ್ಚು ದಿನ ಉಳಿಸಲಿಲ್ಲ. ಮಿರಜದ ಆಸ್ಪತ್ರೆಯಲ್ಲಿ ಅವಳನ್ನು ನೋಡಲು ಹೋದಾಗ ಇಡೀ ಮನೆತನ ಹೊರಗಿನ ಬೆಂಚುಗಳ ಮೇಲೆ ತುಂಬಿಕೊಂಡಿತ್ತು. ಆ ಹೊತ್ತಿಗೆ ಒಳಗೆ ಯಾರು ಎಷ್ಟು ಮಂದಿ ಹೋದರೂ ಆಸ್ಪತ್ರೆಯವರು ಏನೂ ಅನ್ನುತ್ತಿರಲಿಲ್ಲ. ಪಕ್ಕದ ಖೋಲಿಗಳಲ್ಲಿ ಹಾಸಿಗೆಯ ಸುತ್ತ ಅವರವರ ಬಳಗವೆಲ್ಲ ಮುತ್ತಿಕೊಂಡಿತ್ತು. ಅವಳ ಖೋಲಿಯ ಬಾಗಿಲಿಗೆ ಅಣ್ಣ ನಿಂತಿದ್ದ. ಅಷ್ಟು ಮುಪ್ಪಿನಲ್ಲೂ ಕೂತಿರಲಿಲ್ಲ. ಒಳಗೆ ಹೋದವರು ಹೊರಗೆ ಬಂದ ಮೇಲೆಯೇ ಇನ್ನೊಬ್ಬರ ಹೆಗಲು ಮುಟ್ಟಿ ಕಳಿಸುತ್ತಿದ್ದ. ಅಳುತ್ತ ಇಬ್ಬರು ಒಟ್ಟಿಗೆ ನುಗ್ಗಲು ಬಂದಾಗ ಕೈ ಅಡ್ಡ ಹಿಡಿದು, "ಒಬ್ಬೊಬ್ಬರ," ಎಂದ. ನನ್ನ ಸರದಿ ಬಂತು. ಅವಳು ಕಣ್ಣು ತೆರೆದು, "ಹೊರಗ ಭಾಳ ಮಂದಿ ಅದಾರೇನು?" ಎಂದು ಕೇಳಿದಳು. ಎಲ್ಲಾರೂ ಬಂದಾರ, ದಾದಾ ಬಾಗಿಲದಾಗ ನಿಂತಾರ ಎಂದೆ. ಅವಳ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. "ಎಲ್ಲಾರೂ ನನ್ನವರ," ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

ಅವಳ ದಹನವಾದ ಮೇಲೆ ಕೆಲವು ವಾರ ನಾನು ಆ ಕಡೆ ಹೋಗಲಿಲ್ಲ, ಕಾಲು ಬರಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ಒಂದು ರವಿವಾರ ಹೋದೆ. ಅಣ್ಣ ಒಳಗೆ ಮಲಗಿದ್ದ. ವೈನಿ ಹೊಲದಲ್ಲಿದ್ದಾಳೆ ಎಂದರು. ಹೋಗಿ ನೋಡಿದರೆ ಖೋಲಿಯ ಅಂಗಳದ ಹೊರಗೆ, ಒಡ್ಡಿನ ಮೇಲೆ ಕೂತಿದ್ದಳು. ಬಾಗಿಲಿಗೆ ಬೀಗ. ಅಂಗಳದಲ್ಲಿ ಹುಲ್ಲು ಬೆಳೆದು ಹೊಸ್ತಿಲು ಮುಚ್ಚುತ್ತ ಬಂದಿತ್ತು.

"ಕೀಲಿ ಯಾರ ಕಡೆ ಐತ್ರಿ ವೈನಿ? ಒಳಗ ಒಮ್ಮೆ ಕಸಾನರ ಹೊಡಿಬೇಕಿತ್ತು," ಎಂದೆ.

ಆಕೆ ಸೆರಗಿನ ಗಂಟು ತೋರಿಸಿದಳು. "ನನ್ನ ಕಡೇನ ಐತ್ರಿ. ದಿನಾ ಮುಂಜಾನಿ ಬರ್ತೀನಿ. ಇಲ್ಲಿತನಕಾ ಬಂದು ಕುಂದರ್ತೀನಿ."

"ಮತ್ತ ಒಳಗ ಯಾಕ ಹೋಗಿಲ್ರಿ?"

ವೈನಿ ಆ ಬಾಗಿಲನ್ನೇ ನೋಡುತ್ತಿದ್ದಳು.

"ಆಕಿ ಕರದಿಲ್ಲಲ್ರಿ," ಎಂದಳು.